ಕೊಡುವುದಷ್ಟೇ ಸಾಕೆ?

ಮುಪ್ಪಿನವರಿಗೆ ನಾವು ಅತ್ಯಂತ ಪ್ರೀತಿಯಿಂದ ಹೇಳುವ ಮಾತು ಯಾವುದು? “ನೀವು ಸುಮ್ಮನೆ ಕೂಡ್ರಿ, ನಾವೆಲ್ಲ ಮಾಡ್ತೇವಿ.” ಇದರಲ್ಲಿ ಗೌರವವಿದೆ, ಜೀವಮಾನವಿಡೀ ದುಡಿದ ಕೈಗಳಿಗೆ ವಿಶ್ರಾಂತಿ ಸಿಗಲೆಂಬ ಕಾಳಜಿಯಿದೆ. ಆದರೆ ದಿನಕ್ಕೆ ಹತ್ತು ಸಲ ಇದನ್ನೇ ಕೇಳಿಸಿಕೊಳ್ಳುವವರಿಗೆ ಬೇರೊಂದು ಅರ್ಥವೂ ಹೊಳೆಯುತ್ತದೆ: ನಿಮ್ಮಿಂದ ಇನ್ನು ಏನೂ ಆಗಬೇಕಾಗಿಲ್ಲ.

ನನ್ನ ಸೋದರತ್ತೆಗೆ ಎಂಬತ್ತು ದಾಟಿದ ಮೇಲೂ ಮರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುವ ರೂಢಿಯಿತ್ತು. ಕಣ್ಣು ಮಂಜಾಗಿತ್ತು, ಕಲ್ಲು ಉಳಿಯುತ್ತಿತ್ತು. ಸೊಸೆ ಒಳ್ಳೆಯವಳು. ಒಂದು ದಿನ ಮೆಲ್ಲಗೆ ಮರ ತೆಗೆದುಕೊಂಡು, “ಇನ್ನ ಆರಾಮ ಕೂಡ್ರಿ ಅತ್ತಿಯವರ” ಎಂದಳು. ಅತ್ತೆ ಸಿಟ್ಟಾಗಲಿಲ್ಲ. “ಹಂಗಾರ ಇನ್ನ ನಾ ಏನ್ ಮಾಡ್ಲಿ, ಹೇಳವಾ?” ಎಂದು ಕೇಳಿದರು. ಸೊಸೆಯ ಬಳಿ ಉತ್ತರವಿರಲಿಲ್ಲ. ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಮನೆಯಲ್ಲಿ ಹುಟ್ಟುವ ಈ ಪ್ರಶ್ನೆ ವೃದ್ಧಾಶ್ರಮದಲ್ಲಿ ಇನ್ನೂ ದೊಡ್ಡದಾಗುತ್ತದೆ. ಹುಟ್ಟುಹಬ್ಬಕ್ಕೆ ಒಬ್ಬರು ಹಣ್ಣು ಹಂಚುತ್ತಾರೆ, ಚಳಿಗಾಲದಲ್ಲಿ ಇನ್ನೊಬ್ಬರು ಶಾಲು ಹೊದಿಸುತ್ತಾರೆ, ಮಕ್ಕಳು ಬಂದು ಹಾಡಿ ಹೋಗುತ್ತಾರೆ, ಫೋಟೋ ಆಗುತ್ತದೆ. ಎಲ್ಲವೂ ಒಳ್ಳೆಯದೇ. ಆದರೆ ಕೊಡುವವರು ಸದಾ ಹೊರಗಿನವರು, ಕೈಯೊಡ್ಡುವವರು ಸದಾ ಒಳಗಿನವರು. ತಂದೆತಾಯಿ ಮತ್ತು ಹಿರಿಯರ ರಕ್ಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಜೀವನಾಂಶವೆಂದು ಹೆಸರಿಸುತ್ತದೆ. ಕಾನೂನು ಇಷ್ಟನ್ನು ಹೇಳಬಲ್ಲದು. ತನ್ನಿಂದ ಮತ್ತೊಬ್ಬರಿಗೆ ಏನೋ ಆಗಬೇಕಾಗಿದೆ ಎಂಬ ಭಾವವನ್ನು ಯಾವ ಕಾನೂನು ಕೊಡಿಸೀತು?

ಅಮೆರಿಕದ ಮಿಲ್ವಾಕಿ ನಗರದಲ್ಲಿ ರಂಗಭೂಮಿಯ ಅಧ್ಯಾಪಕಿಯಾಗಿದ್ದ ಆನ್ ಬ್ಯಾಸ್ಟಿಂಗ್ ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದರು. 1990ರ ದಶಕದಲ್ಲಿ ಅವರು ಮರೆಗುಳಿ ಕಾಯಿಲೆಯ ವೃದ್ಧರಿದ್ದ ಆರೈಕೆ ಮನೆಗೆ ಹೋಗುತ್ತಿದ್ದರು. ಹಳೆಯ ನೆನಪುಗಳನ್ನು ಕೆದಕಿ ನಾಟಕವಾಡಿಸುವ ಪ್ರಯತ್ನ ವಾರಗಟ್ಟಲೆ ನಡೆದರೂ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಪತ್ರಿಕೆಯೊಂದರಿಂದ ಸಿಗರೇಟು ಜಾಹೀರಾತಿನ ಕುದುರೆ ಸವಾರನ ಚಿತ್ರ ಹರಿದು ತಂದು, “ಇವನಿಗೆ ಏನು ಹೆಸರಿಡೋಣ?” ಎಂದು ಕೇಳಿದರು. ಒಬ್ಬರು ಹೆಸರಿಟ್ಟರು, ಇನ್ನೊಬ್ಬರು ಊರು ಕೊಟ್ಟರು, ಹಾಡು ಬಂತು, ನಗು ಬಂತು, ಎಲ್ಲರೂ ಸೇರಿ ಒಂದು ಕಥೆ ಕಟ್ಟಿದರು. ನೆನಪಿಸಿಕೊಳ್ಳಿ ಎಂದಾಗ ಸೋತವರು, ಕಲ್ಪಿಸಿಕೊಳ್ಳಿ ಎಂದಾಗ ಗೆದ್ದಿದ್ದರು.

ಇದನ್ನು ಓದಿದಾಗ ನಮ್ಮ ಅಭ್ಯಾಸವೊಂದು ಕಣ್ಣಿಗೆ ಕಟ್ಟಿತು. ಮರೆವು ಹತ್ತಿದ ಹಿರಿಯರ ಎದುರು ನಿಂತು, “ನಾ ಯಾರು ಹೇಳ್ರಿ ನೋಡೋಣ?” ಎನ್ನುತ್ತೇವಲ್ಲ, ಅದು ಪ್ರೀತಿಯ ಮಾತಾದರೂ ಅವರಿಗೆ ಪರೀಕ್ಷೆ. ಉತ್ತರ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. “ಇವನಿಗೆ ಏನು ಹೆಸರಿಡೋಣ?” ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೇಳುವವರಿಗೂ ಗೊತ್ತಿರುವುದಿಲ್ಲ. ಅಲ್ಲಿ ಇಬ್ಬರೂ ಸಮ.

ಇದೇ ಬ್ಯಾಸ್ಟಿಂಗ್ ಮುಂದೆ, ಮಿಲ್ವಾಕಿಯ ಲೂಥರ್ ಮ್ಯಾನರ್ ಎಂಬ ಹಿರಿಯರ ವಸತಿಯಲ್ಲಿ, ನಟರು ಮತ್ತು ವಿದ್ಯಾರ್ಥಿಗಳೊಂದಿಗೆ ಹೋಮರನ ‘ಒಡಿಸ್ಸಿ’ಯನ್ನು ಎತ್ತಿಕೊಂಡರು. ಯುದ್ಧಕ್ಕೆ ಹೋದ ಗಂಡ ಒಡಿಸ್ಯೂಸ್ ಇಪ್ಪತ್ತು ವರ್ಷ ಮರಳುವುದಿಲ್ಲ. ಹೆಂಡತಿ ಪೆನೆಲೊಪೆ ಮುದಿ ಮಾವನ ಅಂತ್ಯಕಾಲಕ್ಕೆಂದು ವಸ್ತ್ರ ನೇಯುತ್ತಾಳೆ. ತನ್ನನ್ನು ಮದುವೆಯಾಗೆಂದು ಪೀಡಿಸುವವರನ್ನು ದೂರವಿಡಲು, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಾಳೆ. ಲೋಕ ಹೊಗಳಿದ್ದು ಕಡಲು ದಾಟಿದವನನ್ನು. ಮನೆಯಲ್ಲೇ ಕಾದು ಕುಳಿತವಳ ಧೈರ್ಯ ಎಂಥದು ಎಂಬುದನ್ನು ದಿನವಿಡೀ ಕಾಯುವವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಎರಡು ವರ್ಷ ಈ ಕಥೆಯ ಸುತ್ತ ಕೆಲಸ ನಡೆದು, 2011ರಲ್ಲಿ ಆ ಕಟ್ಟಡದೊಳಗೇ ನಾಟಕವಾಯಿತು. ನಟರ ಜೊತೆ ಅಲ್ಲಿನ ಹಿರಿಯರೂ ಪಾತ್ರ ವಹಿಸಿದರು.

ಇದಕ್ಕೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮುಪ್ಪು ಬಿಡುವ ಕಾಲ, ಹಿಡಿಯುವ ಕಾಲವಲ್ಲ. ವಾನಪ್ರಸ್ಥವೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಅಲ್ಲವೆ? ಜಪಮಣಿ ಹಿಡಿದು ಕುಳಿತವರ ಕೈಗೆ ಬಣ್ಣದ ಕುಂಚ ತುರುಕುವುದು ಯಾವ ನ್ಯಾಯ? ನಿಜ. ಆದರೆ ಬಿಡುವುದು ಎಂದರೆ ಕೈಯಲ್ಲಿದ್ದುದನ್ನು ತಾನಾಗಿ ಬಿಡುವುದು. ಕಸಿದುಕೊಂಡ ಮೇಲೆ ಉಳಿಯುವುದಕ್ಕೆ ವೈರಾಗ್ಯವೆಂಬ ಹೆಸರಿಡಲಾಗದು. “ಬ್ಯಾಡವಾ, ನಾ ವಲ್ಲೆ” ಎನ್ನಬೇಕಾದರೂ ಯಾರಾದರೂ ಮೊದಲು ಬಂದು ಕೇಳಿರಬೇಕು.

ಕೇಳಿದ ಮೇಲೆ ನಮ್ಮ ಪ್ರಾಮಾಣಿಕತೆಯ ಪರೀಕ್ಷೆ ಶುರು. ಮೊದಲೇ ಬರೆದು ತಂದ ಚಿತ್ರಕ್ಕೆ ಹಿರಿಯರಿಂದ ಬಣ್ಣ ತುಂಬಿಸಿ, ಸಂಘದ ಹೆಸರಿನಲ್ಲಿ ಗೋಡೆಗೆ ತೂಗುಹಾಕಿದರೆ ಅದು ಒಟ್ಟಿಗೆ ಮಾಡಿದ ಕೆಲಸವಾಗುವುದಿಲ್ಲ, ಹೊತ್ತು ಕಳೆದಂತಾಗುತ್ತದೆ ಅಷ್ಟೆ. ಅವರ ಮಾತಿನಿಂದ ಚಿತ್ರ ಬದಲಾಗಬೇಕು. ಅವರ ಕೈ ನಡುಗಿದ ಗೆರೆಯನ್ನು ನಾವು ಆಮೇಲೆ ಗುಟ್ಟಾಗಿ ತಿದ್ದಬಾರದು.

ನಮ್ಮ ಕೌದಿಯಲ್ಲಿ ಈ ನೀತಿ ಮೊದಲಿನಿಂದಲೂ ಇದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮಂದಿ ಹೆಂಗಸರು ಸುತ್ತ ಕೂತು ಹೊಲಿಯುತ್ತಾರೆ. ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಟ್ಟರೆ ಅಜ್ಜಿ ಒಂದು ಮೂಲೆ ಹಿಡಿಯುತ್ತಾಳೆ. ಅಜ್ಜಿಯ ಹೊಲಿಗೆ ಸೊಟ್ಟಗಿರಬಹುದು, ಯಾರೂ ಬಿಚ್ಚುವುದಿಲ್ಲ. ಆ ಕೌದಿ ಹೊಟ್ಟೆಯಲ್ಲಿರುವ ಕೂಸಿಗೆ ಬೇಕಾಗಿದೆ, ಬೇಗ ಮುಗಿಯಬೇಕಾಗಿದೆ. ಅಜ್ಜಿಯ ಕೈಯೂ ಬೇಕೇ ಬೇಕು.

ಮುಂದಿನ ಸಲ ಮಹಿಳಾ ಮಂಡಳದಿಂದ ವೃದ್ಧಾಶ್ರಮಕ್ಕೆ ಹೊರಡುವಾಗ ಹಣ್ಣಿನ ಬುಟ್ಟಿ ಇರಲಿ. ಜೊತೆಗೆ ಒಂದು ಗಂಟು ಹಳೆಯ ಸೀರೆ, ಸೂಜಿದಾರ, ಹುಟ್ಟಲಿರುವ ಒಂದು ಮಗುವಿನ ಸುದ್ದಿಯನ್ನೂ ಒಯ್ಯೋಣ. “ನಿಮಗೆ ಏನು ಬೇಕು?” ಎಂದು ಕೇಳುವ ಮೊದಲು, “ನಮಗೊಂದು ಕೌದಿ ಬೇಕಾಗಿದೆ, ಕೂಡ್ತೀರೇನು?” ಎಂದು ಕೇಳೋಣ.