ಸಲೈನ್ ಬಾಟಲಿಯ ಎತ್ತರ

ಕಾಯಿಲೆ ಬಿದ್ದ ಮಗು ಬರೆದ ಚಿತ್ರವನ್ನು ನಾವು ಯಾವ ಹಕ್ಕಿನಿಂದ ಓದುತ್ತೇವೆ? ದೊಡ್ಡವರ ದಿನಚರಿಯನ್ನು ಕದ್ದು ಓದುವುದು ತಪ್ಪೆನ್ನುವ ನಾವು ಮಗುವಿನ ಹಾಳೆಯನ್ನು ಮಾತ್ರ ಎಕ್ಸ್‌ರೇಯಂತೆ ಬೆಳಕಿಗೆ ಹಿಡಿಯುತ್ತೇವೆ. ಬಾಯಲ್ಲಿ ಹೇಳಲು ಬಾರದ ನೋವು ಗೆರೆಯಲ್ಲಾದರೂ ತಿಳಿಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸೂಸನ್ ಬಾಕ್ ಎಂಬ ವಿದುಷಿ ಜ್ಯೂರಿಕ್‌ನಲ್ಲಿ ತೀವ್ರ ಕಾಯಿಲೆಯ ಮಕ್ಕಳ ಚಿತ್ರಗಳನ್ನು ಬಹುಕಾಲ ಅಭ್ಯಾಸ ಮಾಡಿ 1990ರಲ್ಲಿ ಪುಸ್ತಕ ಬರೆದರು. ಬಣ್ಣದಲ್ಲಿ, ಹಾಳೆಯ ಯಾವ ಮೂಲೆಯಲ್ಲಿ ಏನಿದೆ ಎಂಬುದರಲ್ಲಿ, ದೇಹದ ಸ್ಥಿತಿಯೇ ಮೂಡುತ್ತದೆಂದು ಅವರ ವಾದ. ನನಗೆ ಅಷ್ಟು ಧೈರ್ಯವಿಲ್ಲ. ಓಕಳಿಪುರದ ನಮ್ಮ ವಠಾರದಲ್ಲಿ ಎಂಟು ವರ್ಷದ ಹುಡುಗನೊಬ್ಬ ರಕ್ತದ ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದಾಗ ಹಾಳೆ ತುಂಬ ಕಪ್ಪು ರೈಲು ಬರೆದ. ನೋಡಿದ ಓದಿದವರೊಬ್ಬರು ಸಾವಿನ ಭಯವೆಂದು ನಿಟ್ಟುಸಿರಿಟ್ಟರು. ಉಳಿದ ಕ್ರೇಯಾನುಗಳನ್ನೆಲ್ಲ ಅವನ ತಂಗಿ ಮುರಿದುಹಾಕಿದ್ದಳು, ಅಷ್ಟೆ. ರೈಲು ಬರೆಯುವುದಕ್ಕೆ ಓಕಳಿಪುರದ ಹುಡುಗನಿಗೆ ಕಾರಣ ಬೇರೆ ಬೇಕೆ?

ಅವನದೇ ಇನ್ನೊಂದು ಚಿತ್ರದಲ್ಲಿ ಸಲೈನ್ ಬಾಟಲಿ ಡಾಕ್ಟರಿಗಿಂತ ಎತ್ತರವಾಗಿತ್ತು. ಅರ್ಥ ಹುಡುಕದೆ ಅವನನ್ನೇ ಕೇಳಿದೆ. “ಡಾಕ್ಟ್ರು ಒಂದ್ಸಲ ಬಂದು ಹೋಗ್ತಾರೆ ತಾತ. ಬಾಟ್ಲಿ ರಾತ್ರಿಯೆಲ್ಲಾ ಇರುತ್ತೆ” ಎಂದ. ಜೊತೆಗಿದ್ದ ಹೊತ್ತನ್ನು ಅವನು ಎತ್ತರದಲ್ಲಿ ಅಳೆದಿದ್ದ. ಇದು ಯಾವ ಪುಸ್ತಕದಿಂದ ನನಗೆ ತಿಳಿಯಬೇಕಿತ್ತು?

ನಮ್ಮ ಮನೆಗಳಲ್ಲಿ ಆ ಕಾಯಿಲೆಯ ಹೆಸರು ಹೇಳುವುದಿಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯ ಹೆಸರನ್ನೂ ಹೇಳದೆ ‘ಹೊಸೂರು ರಸ್ತೆಗೆ ಹೋಗಿದ್ವಿ’ ಎನ್ನುತ್ತೇವೆ. ಹುಡುಗನಿಗೆ ಹೇಳಿದ್ದು ರಕ್ತ ಕಮ್ಮಿಯಾಗಿದೆ ಎಂದು. ಬೋರ್ಡು ಓದಲು ಬರುವ ಹುಡುಗ! ಅಮೆರಿಕದ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ರಕ್ತದ ಕ್ಯಾನ್ಸರಿನ ಮಕ್ಕಳ ವಾರ್ಡಿನಲ್ಲಿ ಕಂಡು 1978ರ ಪುಸ್ತಕದಲ್ಲಿ ಬರೆದದ್ದೂ ಇದೇ. ಯಾರೂ ಹೇಳದಿದ್ದರೂ ಮಕ್ಕಳು ಔಷಧಿಗಳಿಂದ, ಪಕ್ಕದ ಮಕ್ಕಳಿಂದ, ದೊಡ್ಡವರು ಮಾತು ನಿಲ್ಲಿಸುವ ರೀತಿಯಿಂದ ಎಲ್ಲವನ್ನೂ ತಿಳಿದಿದ್ದರು. ತಿಳಿಯದವರಂತೆ ಇದ್ದರು, ತಂದೆತಾಯಿಗಳಿಗೋಸ್ಕರ.

ಮೂರನೆಯ ಚಿತ್ರದಲ್ಲಿ ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. “ಅಳ್ತಾ ಇದಾಳೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ನೀವು ಹೇಳ್ಬೇಡಿ.”

ಈಗ ಏನು ಮಾಡಬೇಕು? ಡಾಕ್ಟರಿಗೆ ತೋರಿಸಿದರೆ ಅವರಿಗೆ ಉಪಯೋಗ, ತಾಯಿಗೆ ತೋರಿಸಿದರೆ ಬಹುಶಃ ಇಬ್ಬರಿಗೂ ಉಪಯೋಗ. ಆದರೆ ಮಗು ಕೇಳಿಕೊಂಡದ್ದು ಬೇರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಕಲೆಯ ಮೂಲಕ ಹೇಳಿಕೊಳ್ಳುವುದನ್ನೂ ಮಗುವಿನ ಹಕ್ಕೆಂದು ಬರೆದಿದೆ. ಭಾರತ 1992ರಲ್ಲಿ ಒಪ್ಪಿತು. ಹೇಳುವ ಹಕ್ಕಿದ್ದ ಮೇಲೆ ಯಾರಿಗೆ ಹೇಳಬಾರದು ಎಂಬ ಹಕ್ಕೂ ಇರಬೇಕಲ್ಲ? ಜೀವಕ್ಕೆ ಅಪಾಯವಿದ್ದರೆ, ನೋವನ್ನು ಬಚ್ಚಿಟ್ಟಿದ್ದರೆ ಮಾತು ಬೇರೆ. ಇಲ್ಲಿ ಅಂಥದೇನೂ ಇರಲಿಲ್ಲ. “ನೀನೇ ತೋರಿಸ್ತೀಯಾ?” ಎಂದಷ್ಟೇ ಕೇಳಿದೆ. ಉತ್ತರ ಬರಲಿಲ್ಲ. ಹಾಳೆ ದಿಂಬಿನಡಿ ಹೋಯಿತು. ಹತ್ತು ದಿನದ ಮೇಲೆ ತಾಯಿಯೇ ಬಂದು, ಒಂದು ಗಳಿಗೆ ಸುಮ್ಮನೆ ನಿಂತು, “ತೋರಿಸ್ದ” ಎಂದರು.

ಕೊಚ್ಚಿಯ ಕ್ಲಿಂಟ್‌ನ ನೆನಪಾಗುತ್ತದೆ. 1976ರಲ್ಲಿ ಹುಟ್ಟಿ, ಮೂತ್ರಪಿಂಡದ ಕಾಯಿಲೆಯಿಂದ 1983ರಲ್ಲಿ, ಏಳು ತುಂಬುವ ಮೊದಲೇ ತೀರಿಕೊಂಡ ಹುಡುಗ. ಬಿಟ್ಟುಹೋದದ್ದು 25,000ಕ್ಕೂ ಹೆಚ್ಚು ಚಿತ್ರಗಳು. ಅವುಗಳಲ್ಲಿ ಕಾಯಿಲೆಯನ್ನೇ ಹುಡುಕಹೊರಟವರಿಗೆ ತೆಯ್ಯಂ ಎದುರಾಗುತ್ತದೆ. ರೋಗಿಯಾಗಿರುವುದು ಮಗುವಿನ ದಿನದ ಒಂದು ಭಾಗ. ಉಳಿದ ಹೊತ್ತಿನಲ್ಲಿ ಅದು ಜಾತ್ರೆ ನೋಡುತ್ತಿರುತ್ತದೆ. ಸಹಾಯಧನಕ್ಕಾಗಿ ಇಂಥ ಮಕ್ಕಳ ಚಿತ್ರಗಳನ್ನು ಶುಭಾಶಯ ಪತ್ರಗಳಲ್ಲಿ ಅಚ್ಚು ಹಾಕುವಾಗ ಕಣ್ಣೀರಿನದನ್ನೇ ಆರಿಸುವವರನ್ನು ಕಂಡರೆ ನನಗೆ ಕಸಿವಿಸಿ.

ನಮ್ಮ ಹುಡುಗ ಗುಣವಾಗಿ ಈಗ ಪಿ.ಯು.ಸಿ. ಓದುತ್ತಿದ್ದಾನೆ. ಇದನ್ನು ಬರೆಯಲೇ ಎಂದು ಅವನನ್ನೂ ಅವನ ತಾಯಿಯನ್ನೂ ಕೇಳಿದೆ. ತಾಯಿ ಮಗನ ಮುಖ ನೋಡಿದರು. “ಬರೀರಿ, ಹೆಸರು ಬೇಡ, ಚಿತ್ರ ಹಾಕ್ಬೇಡಿ” ಎಂದ. ಬಾಗಿಲವರೆಗೆ ಹೋದವನು ತಿರುಗಿ, “ತಾತ, ಬಾಟ್ಲಿ ನಿಜವಾಗ್ಲೂ ಅಷ್ಟೇ ದೊಡ್ಡದಿತ್ತು” ಎಂದ.