ಹಳೆಯ ಸಂಚಿಕೆಗಳೂ ದಾಸೋಹಧರ್ಮವೂ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಸದ್ಭಕ್ತರ ಮನೆಗಳಲ್ಲಿ ದೇವರ ಜಗುಲಿಯ ಬದಿಗೆ ಅರಿವೆಯಲ್ಲಿ ಕಟ್ಟಿಟ್ಟ ಹಳೆಯ ಮಾಸಪತ್ರಿಕೆಗಳ ಗಂಟುಗಳಿರುವುದುಂಟು. ಹಿರಿಯರು ಚಂದಾ ಕಟ್ಟಿ ತರಿಸಿ, ವರ್ಷವರ್ಷಕ್ಕೂ ಹೊಲಿಸಿ ಇಟ್ಟವು ಅವು. ಹಿರಿಯರು ಲಿಂಗೈಕ್ಯರಾದ ಮೇಲೆ ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರುತ್ತಾರೆ, ಮನೆ ಪಾಲಾಗುತ್ತದೆ. ರದ್ದಿಗೆ ತೂಗಿಸಲು ಮನಸ್ಸು ಒಪ್ಪದು, ಇಟ್ಟುಕೊಳ್ಳಲು ಸ್ಥಳವಿಲ್ಲ. ಆಗ ಗೃಹಸ್ಥನ ಧರ್ಮವೇನು?

ಮೊದಲು ಇದು ಯಾರ ಸೊತ್ತೆಂಬುದನ್ನು ವಿಚಾರಿಸೋಣ. ಚಂದಾಹಣದಿಂದ ನಮ್ಮದಾದುದು ಕಾಗದ ಮಾತ್ರ; ಅದರಲ್ಲಿಯ ಶರಣರ ಅನುಭಾವ ಯಾರ ಪಾಲಿಗೂ ಬರುವ ಆಸ್ತಿಯಲ್ಲ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಪೂಜೆಯುಂಟು ಓದಿಲ್ಲ ಎಂಬಂತೆ ಮನೆಗಳಲ್ಲಿ ಬಿದ್ದಿದ್ದ ತಾಡೋಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಇದ್ದ ಮನೆಯನ್ನೇ ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂತಹ ಮಹನೀಯರು ತಾಡೋಲೆಯ ಗಂಟಿನಿಂದ ಬಿಡಿಸಿ ತಂದ ಮಾತನ್ನು ನಾವು ಮರಳಿ ಕಾಗದದ ಗಂಟಿನಲ್ಲಿ ಬಿಗಿದಿಟ್ಟರೆ ಅದು ಭಕ್ತಿಯೆನಿಸೀತೆ? ತಾಡೋಲೆಯಾದರೂ ಶತಮಾನಗಳನ್ನು ತಾಳಬಲ್ಲದು. ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದಲೇ ಕಂದಿ ಪುಡಿಯಾಗುತ್ತದೆ. ಗೆದ್ದಲಿಗಂತೂ ಭಕ್ತಿಯ ಭೇದವಿಲ್ಲ.

ಹಾಗಾದರೆ ಯಾರಿಗಾದರೂ ಕೊಟ್ಟು ಕೈತೊಳೆದುಕೊಂಡರೆ ಸಾಕೆ? ಸಾಲದು. ಮನೆ ಖಾಲಿ ಮಾಡಲೆಂದು ವಾಚನಾಲಯದ ಕಟ್ಟೆಯ ಮೇಲೆ ಹೊರೆ ಇಳಿಸಿ ಬರುವುದು ಕಸ ಚೆಲ್ಲಿದಂತೆ. ಇನ್ನು ತಂದೆಯ ಹೆಸರಿನ ಫಲಕ ಹಾಕಿಸಬೇಕು, ಬೇರೆ ಕಪಾಟು ಕೊಡಬೇಕು ಎಂದು ಕರಾರು ಹೂಡುವುದರಲ್ಲಿ ‘ನಾನು ಕೊಟ್ಟೆ’ನೆಂಬ ದಾನಿಯ ಅಹಂಕಾರವಿದೆ. ದಾಸೋಹದಲ್ಲಿ ಕೊಡುವವನು ಕಿಂಕರನು; ಉಣ್ಣುವವರ ಹಸಿವನ್ನು ಅರಿತು ನೀಡತಕ್ಕವನು. ಪತ್ರಿಕೆಗಳ ಹಸಿವುಳ್ಳವರು ಓದುಗರೂ ಸಂಶೋಧಕರೂ ಆಗಿದ್ದಾರೆ. ಅವರಿದ್ದೆಡೆಗೆ ಅವನ್ನು ತಲುಪಿಸುವವರೆಗೂ ನಮ್ಮ ಸೇವೆ ಮುಗಿಯದು.

ಆದುದರಿಂದ ಗಂಟನ್ನು ಬಿಚ್ಚಿ ಸಂಪುಟ, ಸಂಚಿಕೆ, ವರ್ಷಗಳ ಯಾದಿಯನ್ನು ಬರೆಯಿರಿ. ಇಲ್ಲದ ಸಂಚಿಕೆಗಳನ್ನೂ ಗುರುತಿಸಿರಿ. ಅಣ್ಣತಮ್ಮಂದಿರು ನೆನಪಿಗೆಂದು ಒಂದೊಂದು ಸಂಪುಟ ಹಂಚಿಕೊಂಡು ಸಾಲನ್ನು ಮುರಿಯಬಾರದು. ಬಳಿಕ ಆ ಯಾದಿಯನ್ನು ಧಾರವಾಡದಲ್ಲಿ 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೋ, ಕರ್ನಾಟಕ ವಿಶ್ವವಿದ್ಯಾಲಯಕ್ಕೋ, ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನಲ್ಲಿರುವ ಸಂಶೋಧನ ಕೇಂದ್ರಕ್ಕೋ, ಸಮೀಪದ ಮಠಕ್ಕೋ ಕಳುಹಿಸಿ, ಅವರಲ್ಲಿ ಯಾವುದಿಲ್ಲವೆಂದು ಕೇಳಿರಿ. ‘ನಮ್ಮಲ್ಲಿ ಇವೆ’ ಎಂಬ ಉತ್ತರ ಬಂದರೆ ಅವಮಾನವೆಂದು ಬಗೆಯಬೇಡಿರಿ. ನಿಮ್ಮ ಮನೆಯ ಒಂದೇ ಸಂಚಿಕೆ ಅವರ ಸಂಪುಟದ ಕೊರತೆಯನ್ನು ತುಂಬೀತು; ಉಳಿದವು ಊರ ವಾಚನಾಲಯಕ್ಕೆ ಸಲ್ಲಲಿ.

ಪಡೆಯುವವರಿಗೂ ಧರ್ಮವುಂಟು. ಸ್ವೀಕರಿಸಿ ಕತ್ತಲೆಯ ಕೋಣೆಯಲ್ಲಿ ಒಟ್ಟುವುದಕ್ಕಿಂತ ‘ಒಲ್ಲೆ’ವೆನ್ನುವುದು ಲೇಸು. ಸ್ವೀಕರಿಸಿದ ಮೇಲೆ ಯಾದಿಯಲ್ಲಿ ಸೇರಿಸಿ, ಸಾಧ್ಯವಾದರೆ ಪುಟಗಳ ಡಿಜಿಟಲ್ ಪ್ರತಿ ತೆಗೆದು, ಕೇಳಿದವರ ಕೈಗೆ ಕೊಡತಕ್ಕದ್ದು.

ಹಿರಿಯರು ಪತ್ರಿಕೆಗಳನ್ನು ಕಾದಿಟ್ಟದ್ದು ಓದಿದ ಸಂತೋಷದಿಂದ. ಆ ಸಂತೋಷ ಮತ್ತೊಬ್ಬ ಓದುಗನಿಗೆ ದೊರೆಯುವಂತೆ ಮಾಡುವುದೇ ಅವರ ಸ್ಮರಣೆ. ಗಂಟು ಮನೆಯಿಂದ ಹೋದರೂ ಹಿರಿಯರ ಪುಣ್ಯ ಮನೆಯಿಂದ ಹೋಗದು.