ಅಪರೂಪದ ಹೂವೂ ಅನರ್ಥದಂಡವೂ

ಕ್ರಿ.ಶ. 1204ರ ರಟ್ಟರ ಶಾಸನದಲ್ಲಿ ಶಾಂತಿನಾಥ ಬಸದಿಯೊಡನೆ ಹೆಸರಾದ ಕಲ್ಲೋಳಿಯ ಸೀಮೆ ಮಳೆ ಕಡಿಮೆಯಾದುದು. ಅಲ್ಲಿನ ಬೀಳುನೆಲದಲ್ಲಿ ಕಾಡುಹೂಗಳರಳಿ ಚಿಟ್ಟೆಗಳು ಕವಿಯುವುದು ಚಾತುರ್ಮಾಸದಲ್ಲಿ. ಶ್ರಾವಕನು ತಿರುಗಾಟವನ್ನು ಮಿತಗೊಳಿಸಬೇಕಾದ ಕಾಲವೂ ಅದೇ.

ಬೇಲಿಯ ಎಕ್ಕೆಯನ್ನು ಯಾರೂ ಕೇಳುವುದಿಲ್ಲ. ಅದರ ಎಲೆಯನ್ನೇ ತಿಂದು ಬೆಳೆಯುವ ಚಿಟ್ಟೆಯೊಂದುಂಟು; ಎಕ್ಕೆಹಾಲಿನ ವಿಷವು ಮೈಗೂಡಿ ಅದನ್ನು ಹಕ್ಕಿಗಳಿಂದ ಕಾಯುತ್ತದೆ. ಅಪರೂಪದ ಹೂವೆಂದರೆ ಮಾತ್ರ ಜನರು ದಾರಿ ಬಿಟ್ಟು, ಹುಲ್ಲು ತುಳಿದು, ಕೊನೆಗೆ ಕಿತ್ತೂ ತರುತ್ತಾರೆ.

ನೋಡುವುದರಲ್ಲಿ ಹಿಂಸೆಯೇನೆಂದು ಕೇಳಬಹುದು. ಕಣ್ಣಿಗೆ ದೋಷವಿಲ್ಲ, ಕಾಲಿಗುಂಟು. ಎಕ್ಕೆಯೂ ಆ ಹೂಗಿಡವೂ ಏಕೇಂದ್ರಿಯ ಜೀವಗಳೇ. ಅಪರೂಪವೆಂಬುದು ನೋಡುವವನ ಎಣಿಕೆ. ನಿಷ್ಪ್ರಯೋಜನವಾಗಿ ಗಿಡ ಮುರಿಯುವುದನ್ನು ಆಚಾರ್ಯರು ಅನರ್ಥದಂಡದಲ್ಲಿ ಪ್ರಮಾದಚರ್ಯೆಯೆಂದಿದ್ದಾರೆ. ಕುತೂಹಲಕ್ಕಾಗಿ ಕಿತ್ತದ್ದು ಮತ್ತೇನು? ಈ ನಾಲ್ಕು ತಿಂಗಳು ಕಾಲುದಾರಿಯನ್ನೇ ದೇಶವ್ರತದ ಎಲ್ಲೆಯಾಗಿ ಗೊತ್ತುಮಾಡಿಕೊಂಡವನಿಗೂ ಎಕ್ಕೆಯ ಚಿಟ್ಟೆ ಅಲ್ಲಿಂದಲೇ ಕಾಣುತ್ತದೆ.